ಬಿಫಂಜ್ ಕಲಿಕೆ: ಮೊದಲು ಸ್ಟ್ಯಾಕ್, ಆಮೇಲೆ ಬಾಣಗಳು

59- ಎಂದು ಬರೆದರೆ 4ರ ಬದಲು -4 ಏಕೆ ಬರುತ್ತದೆ, ಬಿಫಂಜ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಲಿಕೆಯನ್ನು ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಮೊದಲನೆಯದು ಅರ್ಥವಾದರೆ ಅರ್ಧ ಭಾಷೆ ಕೈಗೆ ಬಂದಂತೆ.

ಇಲ್ಲಿ ಪ್ರತಿಯೊಂದು ಚಿಹ್ನೆಯೂ ಒಂದು ಆದೇಶ. ಅಂಕಿಯು ಸ್ಟ್ಯಾಕಿನ ಮೇಲೆ, ಅಂದರೆ ಕೊನೆಗೆ ಇಟ್ಟದ್ದೇ ಮೊದಲು ಹೊರಬರುವ ಬೆಲೆಗಳ ಅಟ್ಟಿಯ ಮೇಲೆ, ಹೋಗಿ ಕೂರುತ್ತದೆ. ಲೆಕ್ಕದ ಚಿಹ್ನೆಯು ಮೇಲಿನ ಎರಡು ಬೆಲೆಗಳನ್ನು ತೆಗೆದುಕೊಂಡು ಫಲಿತಾಂಶವನ್ನು ಅಲ್ಲಿಯೇ ಇಡುತ್ತದೆ. ಕಳೆಯುವಾಗ ಮೊದಲು ಹೋದದ್ದರಿಂದ ಆಮೇಲೆ ಹೋದದ್ದನ್ನು ಕಳೆಯುವುದರಿಂದ ನಿಮಗೆ ಬೇಕಾದದ್ದು 95-. ಅಂದ ಹಾಗೆ, ಇಲ್ಲಿರುವ 59 ಐವತ್ತೊಂಬತ್ತಲ್ಲ, ಒಂದು ಐದು ಮತ್ತು ಒಂದು ಒಂಬತ್ತು. ಒಂದಂಕಿ ಮೀರಿದ ಸಂಖ್ಯೆಯನ್ನು ಲೆಕ್ಕ ಮಾಡಿಯೇ ಪಡೆಯಬೇಕು. 34 ಬೇಕಿದ್ದರೆ ಹೀಗೆ ಬರೆಯಬಹುದು:

57*1-.@

ಇದನ್ನು ಓಡಿಸುವ ಮೊದಲು ಪ್ರತಿ ಚಿಹ್ನೆಯ ನಂತರ ಸ್ಟ್ಯಾಕಿನಲ್ಲಿ ಏನಿದೆ ಎಂಬುದನ್ನು ಕಾಗದದ ಮೇಲೆ ಬರೆಯಿರಿ: 5, 5 7, 35, 35 1, 34. ಬಳಿಕ ಚುಕ್ಕೆಯು ಸಂಖ್ಯೆಯನ್ನು ಮುದ್ರಿಸಿ ಸ್ಟ್ಯಾಕನ್ನು ಬರಿದು ಮಾಡುತ್ತದೆ, @ ನಿಲ್ಲಿಸುತ್ತದೆ. @ ಮರೆತರೆ ಓಟವು (ಚಿಹ್ನೆಗಳನ್ನು ಒಂದೊಂದಾಗಿ ನಡೆಸುತ್ತಾ ಸಾಗುವುದು) ಸಾಲಿನ ಕೊನೆಯಿಂದ ಮತ್ತೆ ಮೊದಲಿಗೆ ಸುತ್ತಿ ಬಂದು 34ನ್ನು ಎಡೆಬಿಡದೆ ಮುದ್ರಿಸುತ್ತಲೇ ಇರುತ್ತದೆ.

ಉದ್ಧರಣ ಚಿಹ್ನೆಯೊಳಗಿನ ಅಕ್ಷರಗಳೂ ಸ್ಟ್ಯಾಕಿಗೇ ಹೋಗುವುದರಿಂದ ಹಿಂದುಮುಂದಾಗಿ ಹೊರಬರುತ್ತವೆ. ಅಲ್ಪವಿರಾಮವು ಮೇಲಿನ ಒಂದು ಅಕ್ಷರವನ್ನು ಮುದ್ರಿಸುತ್ತದೆ; "?!",,@ ಎಂದು ಬರೆದರೆ ಮೊದಲು ಕಾಣುವುದು ಆಶ್ಚರ್ಯಸೂಚಕ.

ಓಟದ ದಿಕ್ಕು ಬದಲಿಸುವ ಚಿಹ್ನೆಗಳಾದ ಬಾಣಗಳಿಗೆ ಆತುರಪಡಬೇಡಿ. ಪ್ರೋಗ್ರಾಮು ಬರೆಯುವ 80 ಕಂಬಸಾಲು, 25 ಅಡ್ಡಸಾಲುಗಳ ಅಂಗಳದಲ್ಲಿ ಓಟವನ್ನು ನಾಲ್ಕೂ ದಿಕ್ಕಿಗೆ ತಿರುಗಿಸುವುದು ಮೋಜಿನದೇ, ಆದರೆ ಸ್ಟ್ಯಾಕ್ ಕಣ್ಣಿಗೆ ಕಟ್ಟದಿದ್ದರೆ ಅಲ್ಲಿ ತಪ್ಪು ಹುಡುಕುವುದು ಬಹಳ ಕಷ್ಟ. ಉದಾಹರಣೆಗೆ, _ ಚಿಹ್ನೆಯು ಮೇಲಿನ ಬೆಲೆ ಸೊನ್ನೆಯಾಗಿದ್ದರೆ ಬಲಕ್ಕೆ, ಇಲ್ಲವಾದರೆ ಎಡಕ್ಕೆ ತಿರುಗಿಸುತ್ತದೆ; ಆದರೆ ನೋಡಿದ ಬೆಲೆಯನ್ನು ತಿಂದೇಬಿಡುತ್ತದೆ. ಅದು ಮುಂದೆಯೂ ಬೇಕಿದ್ದರೆ ಮೊದಲೇ : ಹಾಕಿ ನಕಲು ಮಾಡಿಟ್ಟುಕೊಳ್ಳಬೇಕು.

ಅಂಗಳದ ಚಿಹ್ನೆಗಳನ್ನೇ ಬದಲಿಸುವ ಪಿ (p) ಆದೇಶವನ್ನು ಕೊನೆಗೆ ಇಟ್ಟುಕೊಳ್ಳಿ. 1993ರಲ್ಲಿ ಕ್ರಿಸ್ ಪ್ರೆಸ್ಸಿ ಈ ಭಾಷೆಯನ್ನು ರೂಪಿಸಿದ್ದೇ ಕಂಪೈಲ್ ಮಾಡಲು (ಮೊದಲೇ ಯಂತ್ರಭಾಷೆಗೆ ಅನುವಾದಿಸಲು) ಆದಷ್ಟು ಕಷ್ಟವಾಗಲೆಂದು, ಓಡುತ್ತಲೇ ತನ್ನನ್ನು ತಾನು ತಿದ್ದಿಕೊಳ್ಳುವ ಪ್ರೋಗ್ರಾಮು ಆ ಕಿಡಿಗೇಡಿತನದ ಮುಖ್ಯ ಭಾಗ.

ಸದ್ಯಕ್ಕೆ &:*.@ ಬರೆದು ನೋಡಿ. & ನಿಮ್ಮಿಂದ ಒಂದು ಸಂಖ್ಯೆ ಕೇಳುತ್ತದೆ, ಕೊನೆಗೆ ಅದರ ವರ್ಗ ಬರುತ್ತದೆ. ಘನ ಬೇಕಾದರೆ ಇನ್ನೆರಡು ಚಿಹ್ನೆ ಸಾಕು; ಯಾವುವು, ಎಲ್ಲಿ ಎಂಬುದನ್ನು ಕಾಗದದ ಮೇಲೆ ಬಿಡಿಸಿ ಇಲ್ಲಿಯೇ ಬರೆಯಿರಿ.