ನಡುರಾತ್ರಿಯ ಲೈವ್

ಮನಸ್ಸಿನ ಭಾರಕ್ಕೆ ಸಲಹೆ ಕೇಳಿ ನನ್ನ ಬಳಿ ಬಂದ, ಹುಬ್ಬಳ್ಳಿ–ಧಾರವಾಡ ಕಡೆಯ ಹಿಂದೂಸ್ತಾನಿ ಗಾಯಕರೊಬ್ಬರ ಪ್ರಕರಣ ಇದು. ವಯಸ್ಸು 38. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವರೇ ಓದಿ, ಎರಡು ಕಡೆ ತಿದ್ದಿ, ಹಾಕ್ರಿ ಅಂದ ಮೇಲೆಯೇ ಹಾಕುತ್ತಿದ್ದೇನೆ.

ಮೊದಲ ಸಲ ಬಂದಾಗ ಕುರ್ಚಿಯ ತುದಿಯಲ್ಲಿ ಕೂತು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಮಾತಿನ ನಡುವೆ ಅದು ಗುಂಯ್‌ಗುಡುತ್ತಲೇ ಇತ್ತು. ಗುಂಯ್ ಅಂದಾಗಲೆಲ್ಲ ಅವರ ಹೆಬ್ಬೆರಳು ಅಲುಗುತ್ತಿತ್ತು.

"ಎಲ್ಲಾರೂ ನಾ ಹೆಂಗಿದ್ದೇನಿ ಅಂತ ಕೇಳ್ಲಿಕ್ಕತ್ತಾರ್ರೀ ಮೇಡಂ. ಹೇಳಿಕೊಂಡ್ರ ಮನಸ್ಸು ಹಗರ ಆಗ್ತದ ಅಂತಾರ. ನನಗ ಇನ್ನೂ ಭಾರ ಆಗೇದ."

ಒಬ್ಬರೇ ಗುರುಗಳ ಹತ್ತಿರ ಹದಿನೆಂಟು ವರ್ಷದ ತಾಲೀಮು. ಖಯಾಲ್ ಗಾಯನದ ಜೊತೆಗೆ ವಚನ, ದಾಸವಾಣಿ. ಜಾತ್ರೆ, ಉತ್ಸವ, ಮನೆ ಬೈಠಕ್ ಸೇರಿ ಕಾರ್ಯಕ್ರಮಕ್ಕೆ ಕೊರತೆ ಇರಲಿಲ್ಲ. ಒಂದು ದಿನ ಬಸ್ಸಿನಲ್ಲಿ ತಮ್ಮದೇ ಕಛೇರಿಯ ರೆಕಾರ್ಡಿಂಗ್ ಕೇಳುತ್ತಿದ್ದವರಿಗೆ ಒಂದು ಗಳಿಗೆ ಇದು ಗುರುಗಳದ್ದೋ ತಮ್ಮದೋ ಗೊತ್ತಾಗಲಿಲ್ಲ. ಆಲಾಪದ ನಿಲುಗಡೆ, ತಾನಿನ ತಿರುವು, ತಾಳದ ಮೊದಲ ಪೆಟ್ಟಾದ ಸಮ್‌ಗೆ ಬರುವಾಗಿನ ಸಣ್ಣ ನಗು ಕೂಡ ಗುರುಗಳದ್ದೇ. ಅವತ್ತಿನಿಂದ ಅಭ್ಯಾಸಕ್ಕೆ, ಅಂದರೆ ರಿಯಾಜ್‌ಗೆ ಕೂತರೆ ಗಂಟಲು ಹಿಡಿದಂತಾಗುವುದು. ಮನೆಯಲ್ಲಿ ಹೇಳಲಿಲ್ಲ, ಗುರುಗಳಿಗೂ ಹೇಳಲಿಲ್ಲ. ಆರು ತಿಂಗಳು ಹೀಗೇ ಕಳೆದು, ಒಂದು ರಾತ್ರಿ ಒಂದೂವರೆಗೆ ತಾನಪುರಾ ಆ್ಯಪ್ ಹಚ್ಚಿಟ್ಟುಕೊಂಡು ಫೇಸ್‌ಬುಕ್ ಲೈವ್‌ಗೆ ಬಂದು, "ನಾ ಹಾಡೂದೆಲ್ಲಾ ಗುರುಗಳ ಎಂಜಲ. ಇಷ್ಟು ವರ್ಷ ನಿಮಗ ಮೋಸ ಮಾಡೇನಿ" ಅಂದುಬಿಟ್ಟರು.

ಬೆಳಗಾಗುವಷ್ಟರಲ್ಲಿ ಪ್ರೀತಿಯ ಮಹಾಪೂರ. ಜೇಷ್ಠಮಧು ಬಾಯಲ್ಲಿಟ್ಟುಕೊಳ್ಳಿ, ಅರಿಷಿಣ ಹಾಲು ಕುಡೀರಿ, ದೃಷ್ಟಿ ತೆಗೆಸಿರಿ, ನೀವೇ ನಮ್ಮ ದೇವರು. ಯಾವುದೂ ಸುಳ್ಳಲ್ಲ, ಯಾವುದೂ ಅವರು ಕೇಳಿದ್ದಕ್ಕೆ ಉತ್ತರವೂ ಅಲ್ಲ. ವಾರದೊಳಗೆ ಒಬ್ಬ ಸಂಘಟಕರ ಫೋನ್: "ಆರಾಮ ಇಲ್ಲಂತಲ್ರೀ, ವಿಶ್ರಾಂತಿ ತಗೋರಿ, ಈ ಸಲ ಬ್ಯಾರೇವ್ರನ್ನ ಕರದೇವಿ." ಶಿಷ್ಯೆಯೊಬ್ಬಳ ತಾಯಿ, ಪಾಠ ನಡೆಯುತ್ತದೋ ಇಲ್ಲವೋ ಎಂದು ವಿಚಾರಿಸಿದರು. ತಬಲಾ ಸಾಥ್ ನೀಡುವ ಗೆಳೆಯನಿಗೆ ಸುದ್ದಿ ಗೊತ್ತಾದದ್ದು ಕಾಮೆಂಟು ಓದಿ. ಗುರುಗಳಿಗೆ ವಿಡಿಯೊ ತೋರಿಸಿದ್ದು ಅವರ ಮೊಮ್ಮಗ.

ಆದರೆ ಅವರನ್ನು ನನ್ನ ಬಾಗಿಲಿಗೆ ತಂದದ್ದು ಇದ್ಯಾವುದೂ ಅಲ್ಲ. ಹಳ್ಳಿಯೊಂದರ ಕಾರ್ಯಕ್ರಮದಲ್ಲಿ ನಿರೂಪಕಿ ಪರಿಚಯ ಮಾಡುತ್ತ, "ಮಾನಸಿಕವಾಗಿ ಕುಗ್ಗಿದ್ದರೂ ನಮಗಾಗಿ ಬಂದಿದ್ದಾರೆ, ಜೋರಾದ ಚಪ್ಪಾಳೆ" ಎಂದರು. ಇವರು ಆಗ ತಾನಪುರಾದ ಜೋಡಿ ತಂತಿ ಸೇರಿಸುತ್ತಿದ್ದರು. ಆ ಚಪ್ಪಾಳೆಯಲ್ಲಿ ತಂತಿ ಕೇಳಿಸಲೇ ಇಲ್ಲವಂತೆ.

ಮೊದಲು ಕೇಳಬೇಕಾದ್ದನ್ನು ಮೊದಲು ಕೇಳಿದೆ: ಸಾಯಬೇಕು ಅನ್ನಿಸುತ್ತದೆಯೇ? ಸುತ್ತುಬಳಸಿ ಕೇಳುವ ಪ್ರಶ್ನೆ ಅಲ್ಲ ಅದು. ಇಲ್ಲ ಎಂದರು. ಆದರೂ ಟೆಲಿ ಮಾನಸ್‌ನ 14416 ನಂಬರನ್ನು ಫೋನಿನಲ್ಲಿ ಹಾಕಿಸಿದೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ, ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಲಹೆ ಕೊಡುವ ಉಚಿತ ಸರಕಾರಿ ಸೇವೆ ಅದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ನಡುರಾತ್ರಿ ಒಂದೂವರೆಗೆ ಎಚ್ಚರ ಇರುವ ಕಿವಿ ಫೇಸ್‌ಬುಕ್ ಒಂದೇ ಅಲ್ಲ ಎಂಬುದು ಅವರಿಗೆ ಗೊತ್ತಿರಲಿ ಅಂತ.

ಎರಡನೆಯದು ಗಂಟಲು. ಗಾಯಕರ ಗಂಟಲು ಹಿಡಿದರೆ ಅದು ಮನಸ್ಸಿನದ್ದೇ ಎಂದು ನಾವು ತೀರ್ಮಾನಿಸಕೂಡದು. ಕಿವಿ–ಮೂಗು–ಗಂಟಲು ವೈದ್ಯರ ಬಳಿ ಕಳಿಸಿದೆ. ಧ್ವನಿತಂತುಗಳಲ್ಲಿ ಗಂಟಿರಲಿಲ್ಲ. ಕಛೇರಿ ಮುಗಿಸಿ ಹನ್ನೆರಡಕ್ಕೆ ಉಂಡು ಮಲಗುವ ರೂಢಿಯಿಂದ ಹೊಟ್ಟೆಯ ಆಮ್ಲ ಮೇಲೆ ಬಂದು ಗಂಟಲು ಕೆರಳಿತ್ತು. ಊಟದ ಹೊತ್ತು ಬದಲಾಯಿತು, ಪದೇ ಪದೇ ಕ್ಯಾಕರಿಸುವ ಚಟ ನಿಂತಿತು. ಅರ್ಧ ತೊಂದರೆ ಅಲ್ಲಿಗೇ ಇಳಿಯಿತು.

ಮೂರನೆಯದರಲ್ಲಿ ತಪ್ಪಿದ್ದು ನಾನು. ಎರಡು ತಿಂಗಳು ಫೇಸ್‌ಬುಕ್ ಮುಚ್ಚಿಬಿಡಿ ಎಂದೆ. ಮುಂದಿನ ವಾರ ಬಂದವರ ಮುಖ ಬಿಗಿದಿತ್ತು. "ಮೇಡಂ, ನನ್ನ ಅನ್ನ ಅಲ್ಲೇ ಅದ. ಪಾಠಕ್ಕ ಬರೋ ಹುಡುಗೂರೂ ಅಲ್ಲಿಂದನ ಬರ್ತಾರ." ತಿಂಗಳ ಸಂಬಳ ಬರುವ ನಮ್ಮಂಥವರಿಗೆ ಈ ಸಲಹೆ ಕೊಡುವುದು ಬಲು ಸುಲಭ. ಹಿಂದಕ್ಕೆ ತೆಗೆದುಕೊಂಡೆ.

ಅವತ್ತೇ ಅವರು ಕೇಳಿದ್ದು: "ಗಂಗೂಬಾಯಿ ಹಾನಗಲ್ ಎಲ್ಲಾ ಬಿಚ್ಚಿ ಹೇಳ್ಕೊಂಡಾರ. ನಾ ಹೇಳಿದ್ರ ಯಾಕ ತಪ್ಪು?"

ಒಳ್ಳೆಯ ಪ್ರಶ್ನೆ. ಗಂಗೂಬಾಯಿಯವರ (1913–2009) ಎಳೆಯ ದನಿ ತೆಳ್ಳಗಿತ್ತು. ಗಂಟಲಿನ ಚಿಕಿತ್ಸೆಯ ನಂತರ ಅದು ಗಡುಸಾಯಿತು. ಬಡತನ, ಜಾತಿಯ ಅವಮಾನ, ಗುರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು ಹತ್ತಿದ್ದು, ಎಲ್ಲವನ್ನೂ ಅವರು ಹೇಳಿಕೊಂಡದ್ದು ನಿಜ. ಆದರೆ ಅದು ಬಹಳ ವರ್ಷಗಳ ಮೇಲಿನ ಮಾತು. ಅಷ್ಟು ಹೊತ್ತಿಗೆ ಆ ಗಡಸು ದನಿಯೇ ಅವರ ಗುರುತಾಗಿತ್ತು. ಕೇಳುವವರು ಅಯ್ಯೋ ಅನ್ನಲಿ, ಅನ್ನದಿರಲಿ, ಅವರಿಗೆ ಆಗಬೇಕಾದ್ದೇನೂ ಇರಲಿಲ್ಲ. ನಿಮ್ಮ ಲೈವ್ ಮುಗಿದ ಮೇಲೆ ಯಾರೂ ಒಂದಕ್ಷರ ಬರೆಯದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದು, "ಸತ್ತಂಗ ಆಗ್ತಿತ್ರೀ" ಎಂದರು.

ನಾನು ಕೊಟ್ಟ ಸಲಹೆಯೆಲ್ಲ ಆ ಉತ್ತರದಿಂದಲೇ ಹುಟ್ಟಿದ್ದು. ಉತ್ತರ ಬರದಿದ್ದರೂ ನಡೆಯುತ್ತದೆ ಅನ್ನಿಸುವ ಮಾತನ್ನು ಅಭಿಮಾನಿಗಳಿಗೆ ಎಷ್ಟು ಬೇಕಾದರೂ ಹೇಳಿ. ಉತ್ತರ ಬೇಕೇ ಬೇಕು ಅನ್ನಿಸುವ ಮಾತನ್ನು ಮಾತ್ರ ನಿಮ್ಮನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುವವರ ಮುಂದೆ ಮೊದಲು ಇಡಿ. ಸಂದೇಹ ಬಂದರೆ ಆ ನಿರೂಪಕಿಯನ್ನು ನೆನೆಸಿಕೊಳ್ಳಿ: ಇದೇ ಸಾಲನ್ನು ಆಕೆ ಮೈಕಿನಲ್ಲಿ ಓದಿದರೆ ತಾನಪುರಾ ಸೇರಿಸಲು ಆಗುತ್ತದೆಯೇ? ರಾತ್ರಿ ಹತ್ತರ ನಂತರ ಬರೆದದ್ದು ಬೆಳಗಿನ ರಿಯಾಜ್ ಮುಗಿಯುವವರೆಗೂ ಫೋನಿನಲ್ಲೇ ಇರಲಿ.

ಹೆಂಡತಿಗೆ ಅಂದೇ ಹೇಳಿದರು. ತಬಲಾದ ಗೆಳೆಯ ಬೈದನಂತೆ, ಅದೂ ಆಯಿತು. ಗುರುಗಳ ಮನೆಗೆ ಹೋಗಲು ಮೂರು ವಾರ ಹಿಡಿಯಿತು. ಹೋದಾಗ ಗುರುಗಳು ಜೋಕಾಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಅಡಕೊತ್ತು ಕೆಳಗಿಡದೆ ಹೇಳಿದರಂತೆ: "ಎಂಜಲ ಅಂದ್ಯಂತಲ್ಲೋ. ಎಂಜಲ ಅಲ್ಲದು, ಹೆಪ್ಪು. ಹಾಲು ನಿಂದನ." ಆಮೇಲೆ ಮಲ್ಲಿಕಾರ್ಜುನ ಮನ್ಸೂರರ ಮಾತು ತೆಗೆದರು. ಗ್ರಾಮಫೋನ್ ತಟ್ಟೆಗಳು ಬಂದು ಹೆಸರಾಗಿದ್ದ ಮನ್ಸೂರರು ಉಸ್ತಾದ್ ಮಂಜಿ ಖಾನರ ಮುಂದೆ ಮತ್ತೆ ಶಿಷ್ಯನಾಗಿ ಕೂತಿದ್ದರಲ್ಲ. ಗುರುಗಳು ಇವರಿಗೆ ಹೊಸ ಬಂದಿಶ್ (ಹಾಡುವ ರಚನೆ) ಕೊಡಲಿಲ್ಲ. ಒಂದು ವರ್ಷ ನನ್ನ ರೆಕಾರ್ಡಿಂಗ್ ಕೇಳಬ್ಯಾಡ, ಮಾರವಾ ರಾಗ ಒಂದನ್ನೇ ಹಿಡಿ ಎಂದು ಕಳಿಸಿದರು. ನಾನು ಆರು ಭೇಟಿಗಳಲ್ಲಿ ಮಾಡಲಾಗದ್ದು ಅಲ್ಲಿ ಒಂದು ಹೊತ್ತಿನಲ್ಲಿ ಆಯಿತು, ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಪೂರ್ತಿ ಬಗೆಹರಿಯದ್ದು ಒಂದಿದೆ. ಆ ಲೈವ್ ನೋಡಿದ ವೃದ್ಧೆಯೊಬ್ಬರು, ಗಂಡ ತೀರಿಕೊಂಡವರು, ದಿನವೂ ಫೋನ್ ಮಾಡಿ ಅಳುತ್ತಿದ್ದರು. ಇವರು ತಮ್ಮ ನೋವು ಬಿಚ್ಚಿದ್ದನ್ನು ಆಕೆ ತಮಗೂ ತೆರೆದ ಬಾಗಿಲೆಂದೇ ತಿಳಿದಿದ್ದರು. ತಪ್ಪೇನಿಲ್ಲ. "ಅವ್ವಾ, ರವಿವಾರ ಸಂಜೀಕ ಮಾತಾಡೂಣು" ಎಂದು ಹೇಳಿ, ಉಳಿದ ದಿನಗಳಿಗೆ 14416 ಬರೆದುಕೊಳ್ಳಲು ತಿಳಿಸುವಂತೆ ಸೂಚಿಸಿದೆ. ರವಿವಾರದ ಕರೆ ಈಗಲೂ ಬರುತ್ತದೆ. ಒಮ್ಮೊಮ್ಮೆ ಬುಧವಾರವೂ.

ಕೊನೆಯ ಭೇಟಿಗೆ ಒಂದು ಬರಹದ ಕರಡು ತಂದಿದ್ದರು: "ಮಾರವಾದಾಗ ಪಂಚಮ ಇಲ್ಲ. ಷಡ್ಜದ ಮ್ಯಾಲ ಆರಾಮ ಕೂಡೂಹಂಗಿಲ್ಲ. ಕೋಮಲ ರಿಷಭದ ಮ್ಯಾಲ ನಿಂತು ಷಡ್ಜಕ್ಕ ಕಾಯೂದು ನನಗ ಇನ್ನೂ ಬರವಲ್ತು. ಎರಡು ತಿಂಗಳಾತು, ಸಂಜೀಕ ಅದನ್ನ ಹಿಡದು ಕೂತೇನಿ. ಹಾಡೂ ಹಂಗಾದ ದಿನ ನಿಮ್ಮ ಮುಂದ ಹಾಡ್ತೇನಿ. ನಿಮಗ ಏನ್ ಅನಸ್ತದ, ಹೇಳ್ರಿ."

ಓದಿ ಫೋನ್ ವಾಪಸು ಕೊಟ್ಟೆ. ನಾನು ಏನೂ ಹೇಳಲಿಲ್ಲ. ಅವರೇ ಒಂದು ಸಲ ಮೇಲಿಂದ ಓದಿಕೊಂಡು, ಹೆಬ್ಬೆರಳಿಂದ ಕೊನೆಯ ಸಾಲು ಅಳಿಸಿದರು.