ಷರತ್ತಿಲ್ಲದೆ ದೇವರನ್ನು ನಂಬುವುದು ಅಂದ್ರೆ ಏನೂ ಕೇಳಲೇಬಾರದಾ?

ನಿಮ್ಮ ಪ್ರಶ್ನೆ ಇದು: "ಮಗನಿಗೆ ಕೆಲಸ ಸಿಕ್ಕರೆ ಅಣ್ಣನ ಜೊತೆ ರಾಜಿಯಾಗುತ್ತೇನೆ ಅಂತ ದೇವರಿಗೆ ಮಾತು ಕೊಟ್ಟಿದ್ದೆ. ಕೆಲಸ ಸಿಗಲಿಲ್ಲ. ದೇವರಿಗೆ ಷರತ್ತು ಹಾಕಬಾರದು ಅನ್ನುತ್ತಾರೆ, ಹಾಗಾದರೆ ಏನೂ ಕೇಳಲೇಬಾರದಾ?"

ಕೇಳಿ. ಖಂಡಿತ ಕೇಳಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೇ ಕೇಳಿದರು ಅಲ್ವಾ, ಈ ಪಾತ್ರೆ, ಅಂದರೆ ಬರಲಿರುವ ಈ ಕಷ್ಟ, ನನ್ನಿಂದ ದೂರವಾಗಲಿ ಅಂತ. ಕೇಳಿದ ಮೇಲೆ, ನನ್ನ ಚಿತ್ತವಲ್ಲ, ನಿನ್ನ ಚಿತ್ತವೇ ಆಗಲಿ ಅಂದರು. ಕೇಳುವುದು ಬೇರೆ, ಕೊಟ್ಟರೆ ಮಾತ್ರ ನಿನ್ನ ಮಾತಿನಂತೆ ನಡೆಯುತ್ತೇನೆ ಅನ್ನುವುದು ಬೇರೆ. ಹಾಗೆ ಅಂದುಬಿಟ್ಟೆ, ದೇವರಿಗೆ ಸಿಟ್ಟು ಬಂದಿರಬಹುದು ಅಂತ ಹೆದರಬೇಡಿ. ಇಸ್ರಾಯೇಲರ ಮೂಲಪುರುಷ ಯಾಕೋಬನೂ ಮನೆ ಬಿಟ್ಟು ಹೋಗುವಾಗ ಬೇತೇಲ್ ಎಂಬಲ್ಲಿ, ಉಣ್ಣಲು ಉಡಲು ಕೊಟ್ಟು ಕ್ಷೇಮವಾಗಿ ಮನೆ ಮುಟ್ಟಿಸಿದರೆ ನೀನೇ ನನ್ನ ದೇವರು ಅಂತ ಹರಕೆ ಹೊತ್ತವನೇ (ಆದಿಕಾಂಡ 28). ದೇವರು ಅವನ ಕೈಬಿಡಲಿಲ್ಲ.

ಆದರೆ ಬೈಬಲಿನಲ್ಲಿ ದಾನಿಯೇಲನ ಪುಸ್ತಕದ 3ನೇ ಅಧ್ಯಾಯ ಒಮ್ಮೆ ಓದಿ. ಪ್ರತಿಮೆಗೆ ಅಡ್ಡ ಬೀಳದಿದ್ದರೆ ಉರಿಯುವ ಕುಲುಮೆಗೆ ಹಾಕಿಸುತ್ತೇನೆ ಅಂತ ಬಾಬೆಲಿನ ರಾಜ ಬೆದರಿಸಿದಾಗ, ಶದ್ರಕ್, ಮೇಶಕ್, ಅಬೇದ್ನೆಗೋ ಎಂಬ ಮೂವರು ಯೆಹೂದ್ಯರು ಅವನಿಗೆ ಹೇಳಿದ್ದು ಇಷ್ಟೇ: ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲ, ಬಿಡಿಸದೇ ಹೋದರೂ ನಿನ್ನ ಬಂಗಾರದ ಪ್ರತಿಮೆಗೆ ಅಡ್ಡ ಬೀಳುವುದಿಲ್ಲ. ಬೆಂಕಿಯಿಂದ ಜೀವಂತ ಹೊರಗೆ ಬರುತ್ತೇವೆ ಅಂತ ಆಗ ಅವರಿಗೆ ಗೊತ್ತಿರಲಿಲ್ಲ. ನಮಗೆ ಕಥೆಯ ಕೊನೆ ಗೊತ್ತಿರುವುದರಿಂದ ಆ ಮಾತು ಸುಲಭ ಅನ್ನಿಸುತ್ತದೆ.

ನಾನು ಕಾರವಾರದವನು. ಬೈತಖೋಲ ಬಂದರಿನಲ್ಲಿ ಅಪ್ಪನ ಬೋಟು ಇತ್ತು. ಮೀನು ಮಾರಿದ ಮೇಲೆ ಡೀಸೆಲ್, ಐಸ್ ಖರ್ಚು ಕಳೆದು ಉಳಿದಿದ್ದರಲ್ಲಿ ಖಲಾಸಿಗಳಿಗೆ, ಅಂದರೆ ಬೋಟಿನ ಕೆಲಸದವರಿಗೆ, ಪಾಲು. ಡೀಸೆಲ್ ಲೆಕ್ಕದಲ್ಲಿ ಹತ್ತಿಪ್ಪತ್ತು ಲೀಟರ್ ಜಾಸ್ತಿ ಬರೆದರೆ ಕೇಳುವವರು ಯಾರೂ ಇರಲಿಲ್ಲ. ಬಂಗಡೆ ಸಿಗದ ವರ್ಷ, ಸಾಲದ ಕಂತು ತಲೆ ಮೇಲೆ ಕೂತಿರುವಾಗಲೂ ಅಪ್ಪ ರಾತ್ರಿ ನೋಟ್‌ಬುಕ್ ಬಿಡಿಸಿಕೊಂಡು, ಎಣ್ಣೆ ಹತ್ತಿದ ಚೀಟಿಗಳನ್ನು ಒಂದೊಂದೇ ಬೆರಳಲ್ಲಿ ಸಪಾಟು ಮಾಡಿ ನೋಡಿ, ಖರ್ಚಾದಷ್ಟೇ ಬರೆಯುತ್ತಿದ್ದರು. ಟ್ಯಾಂಕಿನಲ್ಲಿ ಉಳಿದ ಡೀಸೆಲ್ಲನ್ನೂ ಮುಂದಿನ ಲೆಕ್ಕಕ್ಕೆ ಹಾಕುತ್ತಿದ್ದರು. ಕದಿಯಬೇಡ ಅಂತ ದೇವರು ಹೇಳಿದ್ದು ಮೀನು ಸಿಕ್ಕ ವರ್ಷಕ್ಕೆ ಮಾತ್ರ ಅಲ್ಲ ಅನ್ನುತ್ತಿದ್ದರು.

ಇಂಥ ಸಾಕ್ಷಿ ಹೇಳುವವರು ಹೆಚ್ಚಾಗಿ, ಆಮೇಲೆ ಬಲೆ ತುಂಬಿತು ಅಂತ ಮುಗಿಸುತ್ತಾರೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಕೊನೆಗೆ ಬೋಟು ಮಾರಬೇಕಾಯಿತು. ಅಪ್ಪ ತುಂಬಾ ಅತ್ತರು. ಆದರೆ ನಾನು ಇಷ್ಟು ನಿಯತ್ತಾಗಿ ನಡೆದುಕೊಂಡೆ, ನೀನು ಏನು ಕೊಟ್ಟೆ ಅಂತ ದೇವರನ್ನು ಕೇಳಲಿಲ್ಲ. ಭಾನುವಾರ ಇಗರ್ಜಿಗೆ ಹೋಗುವುದೂ ನಿಲ್ಲಲಿಲ್ಲ. ಷರತ್ತಿಲ್ಲದ ನಂಬಿಕೆ ಅಂದರೆ ನನಗೆ ಇವತ್ತಿಗೂ ನೆನಪಾಗುವುದು ಅದೇ.

ಇನ್ನೊಂದು ಮಾತು. ದೇವರ ಮಾತು ಕೇಳುವುದು ಅಂದರೆ ದೇವರ ಹೆಸರಲ್ಲಿ ಯಾರೋ ಹೇಳಿದ್ದಕ್ಕೆಲ್ಲ ಸುಮ್ನೆ ತಲೆ ಆಡಿಸುವುದಲ್ಲ. ಔಷಧಿ ಬಿಡಿ, ಇಷ್ಟು ಹಣ ತನ್ನಿ ಅಂದರೆ ಅಲ್ಲಿಂದ ಎದ್ದು ಬನ್ನಿ.

ಈಗ ನಿಮ್ಮ ಅಣ್ಣನ ವಿಷಯ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗು ಅಂತ ಯೇಸುಸ್ವಾಮಿ ಹೇಳಿದ್ದಾರೆ (ಮತ್ತಾಯ 5). ಅದರಲ್ಲಿ ಮಗನ ಕೆಲಸದ ಮಾತೇ ಇಲ್ಲ. ಹಾಗಾಗಿ ಈ ವಾರವೇ ಅಣ್ಣನಿಗೆ ಫೋನ್ ಮಾಡಿ. ಅವರು ಎತ್ತದೇ ಇರಬಹುದು, ಎತ್ತಿ ಬೈಯಲೂಬಹುದು, ಆದರೂ ಮಾಡಿ. ಮಗನಿಗಾಗಿ ಬೇಡುವುದನ್ನೂ ಬಿಡಬೇಡಿ. ಅವನು ಏನು ಓದಿದ್ದಾನೆ ಅಂತ ಬರೆಯಿರಿ, ಸಂಜೆ ಮನೆಯಲ್ಲಿ ಜಪಮಾಲೆ ಹೇಳುವಾಗ ನಾವೂ ಅವನಿಗಾಗಿ ಪ್ರಾರ್ಥಿಸುತ್ತೇವೆ.