ಜಾಮೀನು ಸಿಕ್ಕಿದೆ, ಬಿಡುಗಡೆ ಆಗಿಲ್ಲ: ಜೈಲು ಸುಧಾರಣೆಗೆ ಹೊರಟವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವಿಚಾರಣಾಧೀನ ಕೈದಿಗಳ ಬಗ್ಗೆಯೇ ಇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದಂತೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ಇನ್ನೂ ತೀರ್ಪಿಗಾಗಿ ಕಾಯುತ್ತಿದ್ದವರು. ಹಾಗಾಗಿ ಐದೂ ಉತ್ತರಗಳನ್ನು ಈ ಒಂದೇ ವಿಷಯದ ಸುತ್ತ ಇಟ್ಟಿದ್ದೇವೆ.

ಪ್ರಶ್ನೆ: ನಾವು ಆರು ಜನ ಯುವ ವಕೀಲರು ಸೇರಿ ಜೈಲು ಸುಧಾರಣೆಗಾಗಿ ಒಂದು ವೇದಿಕೆ ಕಟ್ಟಿದ್ದೇವೆ. ಸರ್ಕಾರದ ನೀತಿ ಬದಲಾಗಬೇಕು ಎಂಬುದು ನಮ್ಮ ಆಸೆ. ಎಲ್ಲಿಂದ ಶುರು ಮಾಡಬೇಕು? (ವಕೀಲೆ, ಹುಬ್ಬಳ್ಳಿ)

ಮೇಡಂ, ಮೊದಲು 'ಜೈಲು ಸುಧಾರಣೆ' ಎಂಬ ಮಾತನ್ನು ಬದಿಗಿಡಿ. ಆ ಹೆಸರಿನ ಮನವಿ ಯಾವ ಅಧಿಕಾರಿಯ ಮೇಜಿಗೂ ಸೇರಿದ್ದಲ್ಲ, ಹಾಗಾಗಿ ಎಲ್ಲ ಮೇಜುಗಳನ್ನೂ ಸುತ್ತಿ ಕೊನೆಗೆ ಕಟ್ಟು ಸೇರುತ್ತದೆ. ಒಂದೇ ಒಂದು ಬೇಡಿಕೆ ಇಟ್ಟುಕೊಳ್ಳಿ. ಅದನ್ನು ಈಡೇರಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಮೊದಲ ದಿನವೇ ಬರೆದಿಡಿ.

ಸಂವಿಧಾನದ ಏಳನೇ ಅನುಸೂಚಿಯಂತೆ ಜೈಲು ಮತ್ತು ಪೊಲೀಸ್ ರಾಜ್ಯಪಟ್ಟಿಯಲ್ಲಿವೆ. ದಂಡ ಪ್ರಕ್ರಿಯೆ, ಅಂದರೆ ಬಂಧನ, ಜಾಮೀನು, ವಿಚಾರಣೆಯ ಕ್ರಮ, ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಪಟ್ಟಿಯಲ್ಲಿ. ಆದ್ದರಿಂದ ಜೈಲಿನೊಳಗಿನ ಊಟ, ವೈದ್ಯರು, ಭೇಟಿಯ ವ್ಯವಸ್ಥೆ ಬೆಂಗಳೂರಿನ ಒಳಾಡಳಿತ ಇಲಾಖೆಯ ಕೆಲಸ. ಕೋರ್ಟಿನಲ್ಲಿ ಶ್ಯೂರಿಟಿ (ಆರೋಪಿಯ ಪರ ಹೊಣೆ ನಿಲ್ಲುವ ಜಾಮೀನುದಾರ) ಒಪ್ಪುವ ಪದ್ಧತಿ ಬದಲಾಗಬೇಕಾದರೆ ಹೈಕೋರ್ಟಿನ ಸುತ್ತೋಲೆ ಬೇಕು. ಜಾಮೀನಿನ ಕಲಮೇ ಬದಲಾಗಬೇಕಾದರೆ ಸಂಸತ್ತು ಬೇಕು, ಇಲ್ಲವೇ ರಾಷ್ಟ್ರಪತಿಯವರ ಅಂಕಿತ ಪಡೆದ ರಾಜ್ಯ ತಿದ್ದುಪಡಿ ಬೇಕು. ಸುತ್ತೋಲೆಯಿಂದ ಆಗುವ ಕೆಲಸಕ್ಕೆ ಕಾನೂನು ತಿದ್ದುಪಡಿ ಕೇಳಿ ಹತ್ತು ವರ್ಷ ಕಳೆದ ಗುಂಪುಗಳಿವೆ.

ಈಗಾಗಲೇ ಕಾನೂನಿನಲ್ಲಿದ್ದು ಜಾರಿಯಾಗದ ನಿಯಮವನ್ನೇ ಮೊದಲು ಆರಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಇದಕ್ಕೆ ಒಳ್ಳೆಯ ಉದಾಹರಣೆ. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ, ಉಳಿದವರು ಅರ್ಧ ಕಳೆದಿದ್ದರೆ, ಬಿಡುಗಡೆಯ ವಿಷಯವನ್ನು ಕೋರ್ಟು ಪರಿಗಣಿಸಬೇಕು. ಮರಣದಂಡನೆ ಅಥವಾ ಜೀವಾವಧಿ ವಿಧಿಸಬಹುದಾದ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. 2024ರ ಆಗಸ್ಟ್ 23ರಂದು ಸುಪ್ರೀಂ ಕೋರ್ಟ್, ಜುಲೈ 1ಕ್ಕೆ ಮೊದಲು ದಾಖಲಾದ ಪ್ರಕರಣಗಳ ಕೈದಿಗಳಿಗೂ ಇದರ ಲಾಭ ಸಿಗಬೇಕು ಎಂದು ಸ್ಪಷ್ಟಪಡಿಸಿತು.

ಲೆಕ್ಕ ಹೀಗೆ. ಸಾದಾ ಕಳ್ಳತನಕ್ಕೆ ಗರಿಷ್ಠ 3 ವರ್ಷ. ಹೊಸಬನಿಗೆ 12 ತಿಂಗಳು, ಉಳಿದವರಿಗೆ 18 ತಿಂಗಳು. ವಾಸದ ಮನೆಯಲ್ಲಿ ಕಳವಾದರೆ ಗರಿಷ್ಠ 7 ವರ್ಷ, ಆಗ 28 ಮತ್ತು 42 ತಿಂಗಳು. ಗಡುವು ತುಂಬಿದ ಕೂಡಲೇ ಕೋರ್ಟಿಗೆ ಲಿಖಿತ ಅರ್ಜಿ ಹಾಕುವುದು ಜೈಲು ಸೂಪರಿಂಟೆಂಡೆಂಟರ ಕರ್ತವ್ಯ ಎಂದು ಅದೇ ಕಲಮಿನ 3ನೇ ಉಪಕಲಂ ಹೇಳುತ್ತದೆ. ಕೈದಿ ಕೇಳಬೇಕಾಗಿಲ್ಲ.

ಎಡವುವುದು ಎರಡು ಕಡೆ. ಬೇರೆ ಕೇಸು ಬಾಕಿ ಇದೆ ಎಂಬ ಕಾರಣಕ್ಕೆ ಒಬ್ಬನನ್ನು 'ಹೊಸಬನಲ್ಲ' ಎಂದು ಬರೆದುಬಿಡುತ್ತಾರೆ. ಕಾನೂನು ಕೇಳುವುದು ಹಿಂದೆ ಶಿಕ್ಷೆ ಆಗಿತ್ತೇ ಎಂದಷ್ಟೇ, ಕೇಸು ಇತ್ತೇ ಎಂದಲ್ಲ. ಇನ್ನೊಂದು ತೊಡಕು 2ನೇ ಉಪಕಲಂ. ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಹಲವು ಪ್ರಕರಣ ಬಾಕಿ ಇದ್ದರೆ ಈ ಕಲಮಿನಡಿ ಬಿಡುಗಡೆ ಇಲ್ಲ ಎನ್ನುತ್ತದೆ ಅದು. ಒಂದೇ ಎಫ್‌ಐಆರ್‌ನಲ್ಲಿ ಪೊಲೀಸರು ಎರಡು ಕಲಂ ಹಾಕುವುದು ದಿನನಿತ್ಯದ ಸಂಗತಿ. ಅಕ್ಷರಶಃ ಓದಿದರೆ ಬಹುಪಾಲು ಜನ ಹೊರಗೇ ಉಳಿಯುತ್ತಾರೆ. ಇದು ಕೆಟ್ಟ ಉಪಕಲಂ, ಬದಲಾಗಲೇಬೇಕು. ಆದರೆ ಅದು ಸಂಸತ್ತಿನ ಮಟ್ಟದ ಕೆಲಸ. ಸೂಪರಿಂಟೆಂಡೆಂಟರ ಅರ್ಜಿ ಹೋಗುತ್ತಿದೆಯೇ ಎಂಬುದನ್ನು ನಿಮ್ಮ ಜಿಲ್ಲೆಯಲ್ಲೇ ಈ ತಿಂಗಳೇ ಕೇಳಬಹುದು.

ಪ್ರಶ್ನೆ: ಜೈಲಿನ ಮಾಹಿತಿ ಕೇಳಿ ಆರ್‌ಟಿಐ ಹಾಕಿದೆವು. ಹನ್ನೆರಡು ಪ್ರಶ್ನೆ ಕೇಳಿದ್ದೆವು, ಅರ್ಜಿಯನ್ನೇ ವಾಪಸ್ ಕಳಿಸಿದರು. ಮುಂದೇನು? (ನಿವೃತ್ತ ಶಿಕ್ಷಕರು, ರಾಯಚೂರು)

ಮೇಷ್ಟ್ರೇ, ಕರ್ನಾಟಕದ ಆರ್‌ಟಿಐ ನಿಯಮಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು ಎಂದಿದೆ. ಹನ್ನೆರಡು ಪ್ರಶ್ನೆಯ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಮೂರು ಅರ್ಜಿ ಮಾಡಿ, ತಲಾ 10 ರೂಪಾಯಿ ಶುಲ್ಕ.

ಮೊದಲನೆಯದು ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ: ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯ ಕಳೆದ ನಾಲ್ಕು ತ್ರೈಮಾಸಿಕ ಸಭೆಗಳ ನಡಾವಳಿಯ ಪ್ರತಿ. ಈ ಸಮಿತಿ 2015ರ ಸುಪ್ರೀಂ ಕೋರ್ಟ್ ಆದೇಶದಿಂದ ಪ್ರತಿ ಜಿಲ್ಲೆಯಲ್ಲೂ ಇರಬೇಕಾದದ್ದು. ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಡಿಸಿ, ಎಸ್‌ಪಿ, ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿ, ಜೈಲಿನ ಮುಖ್ಯಸ್ಥರು ಸದಸ್ಯರು. ಎರಡನೆಯದು ಜೈಲಿಗೆ: 479(3)ರಡಿ ಕಳೆದ ಒಂದು ವರ್ಷದಲ್ಲಿ ಕೋರ್ಟಿಗೆ ಕಳಿಸಿದ ಅರ್ಜಿಗಳ ಪ್ರತಿ. ಮೂರನೆಯದೂ ಜೈಲಿಗೇ: ಜಾಮೀನಾಗಿ ಏಳು ದಿನ ಕಳೆದರೂ ಬಿಡುಗಡೆಯಾಗದವರ ಬಗ್ಗೆ ಪ್ರಾಧಿಕಾರಕ್ಕೆ ಬರೆದ ಪತ್ರಗಳ ಪ್ರತಿ. ಮೂರರಲ್ಲೂ 'ಕೈದಿಗಳ ಹೆಸರು, ವಿಳಾಸ ಅಳಿಸಿ ಕೊಡಿ' ಎಂದು ನೀವೇ ಬರೆಯಿರಿ. ಖಾಸಗಿ ಮಾಹಿತಿ ಎಂಬ ನೆಪಕ್ಕೆ ಆಗ ಜಾಗ ಇರುವುದಿಲ್ಲ.

'ಯಾಕೆ ಮಾಡಿಲ್ಲ' ಎಂದು ಕೇಳಬೇಡಿ. ಇರುವ ಕಾಗದದ ಪ್ರತಿ ಕೊಡುವುದಷ್ಟೇ ಅವರ ಬಾಧ್ಯತೆ, ವಿವರಣೆ ಕೊಡುವುದಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಆಮೇಲಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಈ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಸೋಲುವುದು ಹೆಚ್ಚಾಗಿ ಇಲ್ಲೇ. 'ಮಾಹಿತಿ ಶೂನ್ಯ' ಎಂದು ಉತ್ತರ ಬಂದರೆ ಬೇಸರ ಬೇಡ. ಒಂದು ವರ್ಷದಲ್ಲಿ ಒಂದೂ ಅರ್ಜಿ ಹೋಗಿಲ್ಲ ಎಂದು ಜೈಲೇ ಸಹಿ ಹಾಕಿ ಕೊಟ್ಟ ಕಾಗದ ಅದು. ನಿಮ್ಮ ಕಡತದಲ್ಲಿ ಅದಕ್ಕಿಂತ ಬಲವಾದ ಹಾಳೆ ಇರಲಾರದು.

ಪ್ರಶ್ನೆ: ನಮ್ಮ ಬೀದಿಯ ಕೂಲಿ ಕಾರ್ಮಿಕನಿಗೆ ಜಾಮೀನು ಆಗಿ ಎರಡು ತಿಂಗಳಾಯಿತು, ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಇದ್ದಾನೆ. ಇಂಥವರು ಇನ್ನೂ ಇದ್ದಾರಂತೆ. ಒಬ್ಬನನ್ನು ಬಿಡಿಸುವುದೋ, ಎಲ್ಲರಿಗಾಗಿ ಹೋರಾಡುವುದೋ? (ಮಹಿಳಾ ಸಂಘದ ಕಾರ್ಯಕರ್ತೆ, ದಾವಣಗೆರೆ)

ಮೊದಲು ಅವನನ್ನು ಬಿಡಿಸಿ, ಅಕ್ಕ. ಒಬ್ಬ ಮನುಷ್ಯನನ್ನು ಉದಾಹರಣೆಗೆಂದು ಒಳಗೆ ಉಳಿಸಿಕೊಳ್ಳುವ ಹೋರಾಟ ಬೇಡ.

2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನಗಳು ಇಂಥವರಿಗಾಗಿಯೇ ಬಂದವು. ಜಾಮೀನು ಆದೇಶದ ಪ್ರತಿ ಅದೇ ದಿನ ಅಥವಾ ಮರುದಿನ ಇಮೇಲಿನಲ್ಲಿ ಜೈಲಿಗೆ ಹೋಗಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಸೂಪರಿಂಟೆಂಡೆಂಟರು ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಕಡತ ತೆಗೆದು ಷರತ್ತು ಸಡಿಲಿಸಬಹುದೇ ಎಂದು ನೋಡಬಹುದು. ಊರಿನವರೇ ಜಾಮೀನು ನಿಲ್ಲಬೇಕೆಂಬ ಷರತ್ತೂ ಬಿಡುಗಡೆ ತಡವಾಗಲು ಒಂದು ಕಾರಣ, ಅಂಥ ಕಡೆ ಅದನ್ನು ಹಾಕದಿರಬಹುದು ಎಂಬ ಸಲಹೆಯೂ ಅದರಲ್ಲಿದೆ. ನೀವು ಹೇಳುವವನು ಒಂದು ತಿಂಗಳ ಗೆರೆ ದಾಟಿದ್ದಾನೆ. ಪ್ರಾಧಿಕಾರದ ಕಚೇರಿಗೆ ಜಾಮೀನು ಆದೇಶದ ದಿನಾಂಕ, ಪ್ರಕರಣ ಸಂಖ್ಯೆ, ಕೇಳಿರುವ ಶ್ಯೂರಿಟಿ ಮೊತ್ತ ಬರೆದ ಒಂದು ಪುಟದ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಂಡಿನ ಮೊತ್ತ ಇಳಿಸಲು ಸೆಷನ್ಸ್ ಕೋರ್ಟಿಗೂ ಅಧಿಕಾರ ಇದೆ, ನಾಗರಿಕ ಸುರಕ್ಷಾ ಸಂಹಿತೆಯ 484ನೇ ಕಲಂ. ಅವನ ಮೇಲೆ ಹಲವು ಕೇಸುಗಳಿದ್ದು ಪ್ರತಿಯೊಂದಕ್ಕೂ ಬೇರೆ ಬೇರೆ ಜಾಮೀನುದಾರರು ಬೇಕೆಂದಿದ್ದರೆ, 13 ಪ್ರಕರಣಗಳಿದ್ದ ಒಬ್ಬ ಅರ್ಜಿದಾರನಿಗೆ ಒಂದು ರಾಜ್ಯದ ಎಲ್ಲ ಪ್ರಕರಣಗಳಿಗೂ ಅದೇ ಜಾಮೀನುದಾರರು ಸಾಕು ಎಂದ 2024ರ ಗಿರೀಶ್ ಗಾಂಧಿ ಪ್ರಕರಣದ ತೀರ್ಪನ್ನು ವಕೀಲರಿಗೆ ನೆನಪಿಸಿ.

ಹಣವೇ ತೊಡಕಾದರೆ 2023ರಲ್ಲಿ ಕೇಂದ್ರ ಗೃಹ ಸಚಿವಾಲಯ ತಂದ ಬಡ ಕೈದಿಗಳ ನೆರವಿನ ಯೋಜನೆ ಇದೆ. ಅದರ ಮೂಲ ಮಾರ್ಗಸೂಚಿಯಲ್ಲಿ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಿತರಿಗೆ 25,000 ರೂಪಾಯಿವರೆಗೆ ಎಂದಿತ್ತು. ಹಣ ಕೈದಿಯ ಕೈಗೆ ಬರುವುದಿಲ್ಲ, ಜಿಲ್ಲಾ ಸಮಿತಿಯ ಶಿಫಾರಸಿನ ಮೇಲೆ ಕೋರ್ಟಿಗೆ ಹೋಗುತ್ತದೆ. ಮಾದಕವಸ್ತು, ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ), ಅಕ್ರಮ ಹಣ ವರ್ಗಾವಣೆ, ಭ್ರಷ್ಟಾಚಾರ ತಡೆ ಕಾಯ್ದೆಯ ಆರೋಪಿಗಳಿಗೆ ಇಲ್ಲ. ಆದರೆ ಗಮನಿಸಿ: ಬಹಳ ಕಡೆ ನಿಜವಾದ ಗೋಡೆ ಹಣವಲ್ಲ, ಪಹಣಿ. ಸ್ವಂತ ಜಮೀನಿನ ಪಹಣಿ ಅಥವಾ ಮನೆ ತೆರಿಗೆ ರಸೀದಿ ತೋರಿಸುವ ಜಾಮೀನುದಾರ ಬೇಕು ಎಂದಾಗ, ವಲಸೆ ಬಂದು ಶೆಡ್ಡಿನಲ್ಲಿರುವವನಿಗೆ ಅಂಥ ಪರಿಚಯ ಎಲ್ಲಿಂದ ಬರಬೇಕು? ಅದರಿಂದಲೇ ಕೋರ್ಟಿನ ಸುತ್ತ ಬಾಡಿಗೆ ಜಾಮೀನುದಾರರ ದಂಧೆ ಬೆಳೆಯುತ್ತದೆ. 1978ರಲ್ಲೇ ಮೋತಿ ರಾಮ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಗಾರೆ ಕೆಲಸದವನೊಬ್ಬನಿಗೆ 10,000 ರೂಪಾಯಿ ಶ್ಯೂರಿಟಿ ಕೇಳಿ, ಜಾಮೀನು ನಿಂತ ಸಹೋದರ ಬೇರೆ ಜಿಲ್ಲೆಯವನೆಂದು ತಿರಸ್ಕರಿಸಿದ್ದನ್ನು ತಪ್ಪು ಎಂದಿದ್ದರು.

ಅವನು ಹೊರಬಂದ ಮೇಲೆ 'ಎಲ್ಲರಿಗಾಗಿ' ಎಂಬ ಕೆಲಸ ಶುರು. ಕಾನೂನು ನೆರವಿನ ಪ್ಯಾನೆಲ್ ವಕೀಲರ ಜೊತೆ ಕೂತು ಇಂಥ 30-40 ಪ್ರಕರಣಗಳ ಪಟ್ಟಿ ಮಾಡಿ. ಕಾಲಂಗಳು ಇಷ್ಟೇ: ಕಲಂ, ಗರಿಷ್ಠ ಶಿಕ್ಷೆ, ಬಂಧನದ ದಿನ, ಜಾಮೀನು ಆದೇಶದ ದಿನ, ಎಷ್ಟು ಜನ ಜಾಮೀನುದಾರರು, ಎಷ್ಟು ಮೊತ್ತ, ಯಾವ ದಾಖಲೆ ಕೇಳಿದರು, ಬಿಡುಗಡೆಯ ದಿನ. ಆದೇಶದಿಂದ ಬಿಡುಗಡೆಗೆ ಎಷ್ಟು ದಿನ ಎಂಬ ಒಂದೇ ಸಂಖ್ಯೆ ಕೊನೆಗೆ ನಿಮ್ಮ ಪರವಾಗಿ ಮಾತಾಡುತ್ತದೆ. ದಿನಾಂಕಗಳನ್ನು ಆರ್ಡರ್ ಶೀಟಿನಿಂದಲೇ ತೆಗೆಯಿರಿ, ಮನೆಯವರ ನೆನಪಿನಿಂದಲ್ಲ. ಒಂದು ದಿನಾಂಕ ತಪ್ಪಿದರೂ ಸಭೆಯಲ್ಲಿ ಇಡೀ ಪಟ್ಟಿಯೇ ಬಿದ್ದುಹೋಗುತ್ತದೆ.

ಪ್ರಶ್ನೆ: ಸಚಿವರಿಗೆ ಮನವಿ ಕೊಟ್ಟು, ಫೋಟೋ ಪತ್ರಿಕೆಯಲ್ಲಿ ಬಂತು. ಆಮೇಲೆ ಏನೂ ಆಗಲಿಲ್ಲ. ಎಲ್ಲಿ ತಪ್ಪಿದೆವು? (ಸಂಘಟನೆಯ ಕಾರ್ಯದರ್ಶಿ, ಮೈಸೂರು)

ಮನವಿ ಕಡತವಾಗಲಿಲ್ಲ, ಅಷ್ಟೇ. ಸಚಿವರ ಕಚೇರಿಯಿಂದ ಅದು ಇಲಾಖೆಗೆ ಇಳಿದು, ವಿಷಯ ನಿರ್ವಾಹಕರ ಬಳಿ ಕಡತ ಸಂಖ್ಯೆ ಪಡೆದು, ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ ಹೀಗೆ ಮೇಲೇರಬೇಕು. ವಾರದೊಳಗೆ ಹೋಗಿ ಕಡತ ಸಂಖ್ಯೆ ಕೇಳಿ. ಕೆಳಗಿನ ಟಿಪ್ಪಣಿ ಹೇಗೆ ಶುರುವಾಗುತ್ತದೋ ಮೇಲಿನ ತೀರ್ಮಾನ ಹೆಚ್ಚಾಗಿ ಹಾಗೇ ಹೋಗುತ್ತದೆ. ಆದ್ದರಿಂದ ವಿಷಯ ನಿರ್ವಾಹಕರಿಗೆ ಅರ್ಥವಾಗುವಂತೆ ಬರೆಯಿರಿ.

ಮನವಿ ಎರಡು ಪುಟ ಸಾಕು. ಮೊದಲ ಸಾಲಿನಲ್ಲೇ ಬೇಡಿಕೆ ಇರಲಿ: 'ಏಳು ದಿನ ಮೀರಿದ ಜಾಮೀನುಗಳ ಪಟ್ಟಿಯನ್ನು ಪ್ರತಿ ಸೋಮವಾರ ಪ್ರಾಧಿಕಾರಕ್ಕೆ ಕಳಿಸುವಂತೆ ಎಲ್ಲ ಜೈಲುಗಳಿಗೆ ಸುತ್ತೋಲೆ ಹೊರಡಿಸಬೇಕು.' ಆಮೇಲೆ ಆಧಾರವಾದ ಕಲಂ ಮತ್ತು ಸುಪ್ರೀಂ ಕೋರ್ಟ್ ಆದೇಶದ ದಿನಾಂಕ, ನಿಮ್ಮ ಪಟ್ಟಿಯ ಸಾರ, ಖರ್ಚು ಎಷ್ಟು. ಇಲ್ಲಿ ಖರ್ಚಿಲ್ಲ, ಅದನ್ನು ಬರೆದೇ ಹೇಳಿ. ಜೊತೆಗೆ ಸುತ್ತೋಲೆಯ ಕರಡನ್ನು ನೀವೇ ಕನ್ನಡದಲ್ಲಿ ಬರೆದು ಲಗತ್ತಿಸಿ. ಹತ್ತು ಪುಟದ ವರದಿಗಿಂತ ಸಹಿಗೆ ಸಿದ್ಧವಾದ ಅರ್ಧ ಪುಟದ ಕರಡು ಬೇಗ ಸಾಗುತ್ತದೆ. ಹೊಸ ಹುದ್ದೆ, ವಾಹನ, ಕಟ್ಟಡ ಕೇಳುವುದಾದರೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು. ಬಜೆಟ್‌ಗೆ ತಿಂಗಳುಗಳ ಮುಂಚೆಯೇ ಇಲಾಖೆಯ ಪ್ರಸ್ತಾವದಲ್ಲಿ ಅದು ಸೇರಿರಬೇಕು. ನಿಮ್ಮ ಶಾಸಕರಿಂದ ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದು) ಕೇಳಿಸಿದರೆ ಇಲಾಖೆ ಅಂಕಿಸಂಖ್ಯೆ ಸಮೇತ ಉತ್ತರ ಕೊಡಲೇಬೇಕಾಗುತ್ತದೆ. ಆ ಪ್ರಶ್ನೆಯನ್ನೂ ನೀವೇ ಬರೆದುಕೊಡಿ.

'ಅಪರಾಧಿಗಳ ಪರ' ಎಂಬ ಮಾತು ನಿಮ್ಮನ್ನೂ ಅಟ್ಟಿಸಿಕೊಂಡು ಬರುತ್ತದೆ. ನೊಂದವರ ಮನೆಯವರು ಅದನ್ನು ಹೇಳಿದರೆ ವಾದಕ್ಕಿಳಿಯಬೇಡಿ, ಅವರ ನೋವು ಸತ್ಯ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಪೊಲೀಸರು ನೊಂದವರಿಗೆ ತಿಳಿಸಬೇಕು ಎಂದು ಹೊಸ ಸಂಹಿತೆಯ 193ನೇ ಕಲಂ ಹೇಳುತ್ತದೆ, ಪರಿಹಾರಕ್ಕೆ 396ನೇ ಕಲಂ ಇದೆ. ಇವೂ ಸರಿಯಾಗಿ ಜಾರಿಯಾಗಲಿ ಎಂದು ನಿಮ್ಮ ಬೇಡಿಕೆಯಲ್ಲಿ ಸೇರಿಸಿ, ಮನಸಾರೆ ಸೇರಿಸಿ. ವರ್ಷಗಟ್ಟಲೆ ಮುಂದೂಡುವ ವಿಚಾರಣೆ ಇಬ್ಬರಿಗೂ ಅನ್ಯಾಯ.

ಪ್ರಶ್ನೆ: ವಿದೇಶದಲ್ಲಿರುವ ನಮ್ಮೂರಿನವರು ಈ ಕೆಲಸಕ್ಕೆ ನಮ್ಮ ಟ್ರಸ್ಟ್‌ಗೆ ಹಣ ಕಳಿಸಬಹುದೇ? (ಟ್ರಸ್ಟಿ, ಉಡುಪಿ)

ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಮೊದಲು ಕೇಳಿ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ವಿದೇಶಿ ಮೂಲವೇ. ಅವರ ಹಣಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20 ಮೀರಬಾರದು, ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಕಳಿಸುವವರ ಪಾಸ್‌ಪೋರ್ಟ್ ಪ್ರತಿಯನ್ನು ರಸೀದಿಯ ಜೊತೆ ಇಟ್ಟುಕೊಂಡ ಮೇಲೆಯೇ ಹಣ ಒಪ್ಪಿಕೊಳ್ಳಿ.